ಎಲ್ಲಿ ನಿಧಾನ ಅಂತಲೂ ಹೇಳಿ

ಡೊಂಬಿವಲಿಯಲ್ಲಿ ನಮ್ಮ ಕನ್ನಡ ಬಳಗದ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳಿವು. ಕೇಳಿದ ಕೆಲವರು ಬರೆದು ಕೊಡಿ ಅಂದರು. ಅಲ್ಲಿ ಆಡಿದ ಹಾಗೆಯೇ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಅಂಬರನಾಥದಿಂದ, ಮುಲುಂಡಿನಿಂದ ಬಂದವರೂ ಇದ್ದೀರಿ. ಭಾನುವಾರ ಹಳಿ ರಿಪೇರಿಗೆ ಗಾಡಿ ನಿಲ್ಲಿಸುವ ಮೆಗಾ ಬ್ಲಾಕ್ ದಾಟಿಕೊಂಡು ಬರೋದು ಅಂದರೆ ಏನು ಅಂತ ನಮಗೆಲ್ಲ ಗೊತ್ತು. ಹಾಗಾಗಿ ನಿಮ್ಮ ಹೊತ್ತು ಹಾಳು ಮಾಡೋದಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮ ಬಳಗದ ಪುಸ್ತಕದ ಕಪಾಟು ನೋಡಿಕೊಳ್ಳುವವನು ನಾನು ಅಂತ ಗೊತ್ತಿರುವವರು ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಿದಾಗಲೆಲ್ಲ ಒಂದು ಮಾತು ಕೇಳುತ್ತಾರೆ. "ಅಣ್ಣ, ಒಂದು ಒಳ್ಳೆ ಪುಸ್ತಕ ಹೇಳಿ." "ರಾತ್ರಿ ನೋಡೋಕೆ ಏನಾದ್ರೂ ಹೇಳಿ." ಸಣ್ಣ ಪ್ರಶ್ನೆ ಅನ್ನಿಸುತ್ತದೆ, ಅಲ್ವಾ? ನನಗೆ ಹಾಗೆ ಅನ್ನಿಸುವುದಿಲ್ಲ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ರಾತ್ರಿ ಎಂಟೂವರೆಗೆ ಮನೆ ಸೇರುವ ಮನುಷ್ಯ ತನ್ನ ಕೈಯಲ್ಲಿ ಉಳಿದ ಒಂದು ಗಂಟೆಯನ್ನು ನನ್ನ ಮಾತು ನಂಬಿ ಖರ್ಚು ಮಾಡುತ್ತೇನೆ ಅನ್ನುತ್ತಿದ್ದಾನೆ. ಬಾಯಿಗೆ ಬಂದ ಹೆಸರು ಹೇಳಿ ರೈಲು ಹತ್ತಿಬಿಡುವ ವಿಷಯ ಅಲ್ಲ ಅದು.

ನನಗೆ ಮೊದಲ ಪುಸ್ತಕ ಕೊಟ್ಟವರು ಒಬ್ಬ ಮಾಸ್ಟ್ರು. ಅವರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ನಾನು 1979ರಲ್ಲಿ ಕುಂದಾಪುರ ಕಡೆಯಿಂದ ಮುಂಬೈಗೆ ಬಂದೆ. ಹದಿನಾಲ್ಕು ವರ್ಷ. ಫೋರ್ಟಿನಲ್ಲಿ ಒಂದು ಕ್ಯಾಂಟೀನಿನಲ್ಲಿ ಕೆಲಸ. ಇಲ್ಲಿ ಕೂತಿರುವ ಹಿರಿಯರಲ್ಲಿ ಬಹಳ ಜನರ ಕತೆಯೂ ಇದೇ. ಹಗಲು ಟೇಬಲ್ ಒರೆಸಿ, ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಓಡುವುದು. ಮುಂಬೈಯ ಆ ರಾತ್ರಿ ಶಾಲೆಗಳು ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಜನ ಹೆಸರು ಬರೆಯುವುದರಲ್ಲೇ ನಿಂತುಬಿಡುತ್ತಿದ್ದೆವು. ಶಾಲೆ ಬಿಟ್ಟು ಬಂದರೆ ರಾತ್ರಿ ಹತ್ತು. ಎರಡು ಟೇಬಲ್ ಸೇರಿಸಿ ಅದರ ಮೇಲೆ ಮಲಗುವುದು. ಬೆಳಿಗ್ಗೆ ನಾಲ್ಕೂವರೆಗೆ ಒಲೆ ಹೊತ್ತಿಸಲು ಏಳಬೇಕು.

ನಮ್ಮ ಮಾಸ್ಟ್ರು ಹಗಲು ಯಾವುದೋ ಆಫೀಸಿನಲ್ಲಿ ಗುಮಾಸ್ತರು, ಸಂಜೆ ನಮಗೆ ಕನ್ನಡ. ಒಂದು ದಿನ ಪಾಠದ ಮಧ್ಯೆ ನಾನು ತೂಕಡಿಸಿದೆ. ಅವರು ಬೈಯಲಿಲ್ಲ. ಕ್ಲಾಸ್ ಮುಗಿದ ಮೇಲೆ ಹತ್ತಿರ ಕರೆದರು. "ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀಯ?" ಅಂದರು. ಹೇಳಿದೆ. "ಮಲಗೋದು?" ಅದನ್ನೂ ಹೇಳಿದೆ. "ನೀನು ಮಲಗೋ ಜಾಗದಲ್ಲಿ ಬಲ್ಬು ಇದೆಯಾ?" ಇದೆ ಅಂದೆ. ಯಾವ ಕತೆ ಇಷ್ಟ, ಯಾವ ಪದ್ಯ ಇಷ್ಟ ಅಂತ ಅವರು ಕೇಳಲೇ ಇಲ್ಲ. ಮಾರನೇ ದಿನ ಚೀಲದಿಂದ ಒಂದು ತೆಳ್ಳಗಿನ ಪುಸ್ತಕ ತೆಗೆದರು. ಅದಕ್ಕೆ ಕ್ಯಾಲೆಂಡರಿನ ಹಾಳೆ ಬೈಂಡು ಹಾಕಿತ್ತು. "ಇದು ನಿಮ್ಮೂರ ಕಡೆಯದೇ ಮಾರಾಯ. ಬರೆದವರು ಕೋಟದವರು. ದಿನಕ್ಕೆ ನಾಲ್ಕು ಪುಟ ಓದು. ಐದನೇ ಪುಟ ಓದಬೇಡ, ನಿದ್ದೆ ಕೆಡುತ್ತೆ" ಅಂದರು.

ಅದು ಶಿವರಾಮ ಕಾರಂತರ 'ಚೋಮನ ದುಡಿ'. 1933ರ ಪುಸ್ತಕ.

ನಾಲ್ಕು ಪುಟ ಅಂದಿದ್ದರು. ಮೂರನೇ ರಾತ್ರಿ ನಾನು ಹದಿನೈದು ಪುಟ ಓದಿದೆ. ಚೋಮನಿಗೆ ಬೇಕಾಗಿದ್ದು ಒಂದೇ, ಉಳಲು ಒಂದು ತುಂಡು ಭೂಮಿ. ಅವನು ಹುಟ್ಟಿದ ಜಾತಿಗೆ ಅದು ಸಿಗುವ ಹಾಗಿಲ್ಲ. ಸಿಟ್ಟು ಬಂದರೂ ದುಃಖ ಬಂದರೂ ದುಡಿ ಬಾರಿಸುತ್ತಾನೆ. ಓದುತ್ತಾ ನನಗೆ ನಮ್ಮೂರ ಗದ್ದೆಯ ಅಂಚು ಕಾಣುತ್ತಿತ್ತು. ಆ ಅಂಚಿನಲ್ಲಿ ದೂರ ನಿಂತುಕೊಂಡೇ ನಮ್ಮ ಅಜ್ಜನ ಹತ್ತಿರ ಮಾತಾಡುತ್ತಿದ್ದವರು ಕಾಣುತ್ತಿದ್ದರು. ಅವರು ಯಾಕೆ ಅಷ್ಟು ದೂರ ನಿಲ್ಲುತ್ತಿದ್ದರು ಅಂತ ಅಲ್ಲಿಯವರೆಗೆ ಒಮ್ಮೆಯೂ ನಾನು ಕೇಳಿಕೊಂಡಿರಲಿಲ್ಲ. ಸಾವಿರ ಕಿಲೋಮೀಟರ್ ದೂರ ಬಂದು, ಬೋರಾ ಬಜಾರಿನ ಹತ್ತಿರ ಒಂದು ಕ್ಯಾಂಟೀನಿನ ಟೇಬಲ್ ಮೇಲೆ ಮಲಗಿ, ನನ್ನ ಊರನ್ನು ಮೊದಲ ಸಲ ನೋಡಿದೆ.

ಆಮೇಲೆ ಮಾಟುಂಗಾದಲ್ಲಿ ಒಂದು ಸಭಾಂಗಣದಲ್ಲಿ ಪರದೆ ಕಟ್ಟಿ ಅದೇ ಕತೆಯ ಸಿನಿಮಾ ತೋರಿಸಿದರು. ಬಿ.ವಿ. ಕಾರಂತರು ಮಾಡಿದ್ದು, 1975ರದ್ದು. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣ ಕಮಲ ಆ ವರ್ಷ ಅದಕ್ಕೇ ಬಂದಿತ್ತು. ಚೋಮನಾಗಿದ್ದ ಎಂ.ವಿ. ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ. ಮಾಸ್ಟ್ರೇ ನನ್ನನ್ನು ಕರೆದುಕೊಂಡು ಹೋಗಿದ್ದರು. ಮುಗಿದ ಮೇಲೆ ಹೊರಗೆ ಬಂದು ಇಬ್ಬರೂ ಕಿಂಗ್ಸ್ ಸರ್ಕಲ್ ಕಡೆ ನಡೆದೆವು. ಹೇಗಿತ್ತು ಅಂತ ಅವರು ಕೇಳಲಿಲ್ಲ. ಕಾಫಿ ಕುಡಿಸಿದರು. ಅರ್ಧ ಗಂಟೆ ಆದ ಮೇಲೆ ನಾನೇ ಮಾತು ಶುರು ಮಾಡಿದೆ.

ಇವತ್ತು ಫೋನು ತೆರೆದರೆ ಸಾಕು, ಇದು ನಿಮಗೆ ಇಷ್ಟವಾಗಬಹುದು ಅಂತ ಹತ್ತು ಹೆಸರು ಬರುತ್ತವೆ. ಉಪಯೋಗ ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೆ ಗೊತ್ತಿರೋದು ನಾನು ನಿನ್ನೆ ಏನು ನೋಡಿದೆ ಅಂತ. ಮಾಸ್ಟ್ರು ತಿಳಿದುಕೊಂಡಿದ್ದು ನಾನು ನಾಳೆ ಎಷ್ಟು ಗಂಟೆಗೆ ಏಳಬೇಕು ಅಂತ.

ಇಷ್ಟು ಒಳ್ಳೆ ಗುರು ಸಿಕ್ಕಿದ್ದರೂ ನಾನು ಇದನ್ನು ಕಲಿಯೋಕೆ ಬಹಳ ವರ್ಷ ಹಿಡಿಯಿತು. ಒಂದು ಭಾನುವಾರ ಅಕ್ಕ, ಭಾವ, ಅವರ ಮಕ್ಕಳು ಮನೆಗೆ ಊಟಕ್ಕೆ ಬಂದಿದ್ದರು. ನಾನು 'ಘಟಶ್ರಾದ್ಧ'ದ ಡಿವಿಡಿ ತಂದಿಟ್ಟಿದ್ದೆ. ಒಂದು ವಾರದಿಂದ ಫೋನಿನಲ್ಲಿ ಹೇಳುತ್ತಲೇ ಇದ್ದೆ, "ಭಾವ, ಇಂಥಾ ಸಿನಿಮಾ ನೀವು ನೋಡೇ ಇಲ್ಲ." ಬಂಗಡೆ ಸಾರು, ಅನ್ನ ಊಟ ಮಾಡಿ ಎಲ್ಲರೂ ಚಾಪೆ ಮೇಲೆ ಕೂತರು. ಇಪ್ಪತ್ತು ನಿಮಿಷಕ್ಕೆ ಭಾವನಿಗೆ ನಿದ್ದೆ. ಮಕ್ಕಳು ಬಾಲ್ಕನಿಗೆ ಹೋದರು. ಅಕ್ಕ ಮಾತ್ರ ನನ್ನ ಮುಖ ನೋಡಿಕೊಂಡು ಕೂತಿದ್ದಳು. ಅವಳೂ ಸಿನಿಮಾ ನೋಡುತ್ತಿರಲಿಲ್ಲ. ನನಗೆ ಬೇಜಾರಾಗಬಾರದು ಅಂತ ಕೂತಿದ್ದಳು, ಅಷ್ಟೇ.

ಅವತ್ತು ಭಾವನ ಮೇಲೆ ಸಿಟ್ಟು ಬಂತು. ಆಮೇಲೆ ಯೋಚಿಸಿದಾಗ ತಪ್ಪು ಅವರದ್ದಲ್ಲ ಅಂತ ತಿಳಿಯಿತು. ನಾನು ಅವರಿಗೆ ಹೇಳಿದ್ದೇನು? ಅದ್ಭುತ, ಪ್ರಶಸ್ತಿ ಬಂದಿದೆ, ನೋಡಲೇಬೇಕು. ಹೇಳದೇ ಬಿಟ್ಟಿದ್ದೇನು? ಕಪ್ಪು ಬಿಳುಪು. ಹಾಡಿಲ್ಲ. ಮಾತು ಕಡಿಮೆ. ವೇದ ಕಲಿಯೋಕೆ ಬಂದ ನಾಣಿ ಅನ್ನುವ ಒಬ್ಬ ಸಣ್ಣ ಹುಡುಗನ ಕಣ್ಣಿನಿಂದ ಕತೆ ನಡೆಯುತ್ತದೆ. ಅವನಿಗೆ ಅರ್ಥವಾಗದ್ದು ನಮಗೂ ಮೊದಲಿಗೆ ಪೂರ್ತಿ ಅರ್ಥವಾಗೋದಿಲ್ಲ. ಅದಕ್ಕೇ ಅದು ನಿಧಾನ. ಆ ನಿಧಾನದಲ್ಲಿ ಯಮುನಕ್ಕನ ಮೇಲೆ ನಮಗೆ ಅಕ್ಕರೆ ಹುಟ್ಟಿದರೆ ಮಾತ್ರ ಕೊನೆಗೆ ಅವಳಿಗೆ ಊರು ಮಾಡುವುದು ನಮ್ಮ ಎದೆಗೆ ತಾಗುತ್ತದೆ. ಇದಿಷ್ಟು ಮೊದಲೇ ಹೇಳಿದ್ದರೆ ಭಾವ ಕಾಯುತ್ತಿದ್ದರು. ಅಥವಾ ಊಟ ಆದ ತಕ್ಷಣ ಬೇಡ, ಸಂಜೆ ನೋಡೋಣ ಅನ್ನುತ್ತಿದ್ದರು.

ಇದನ್ನೇ ನಾನು ಇವತ್ತು ನಿಮ್ಮ ಹತ್ತಿರ ಹೇಳೋಕೆ ಬಂದಿದ್ದು. ಯಾರಿಗಾದರೂ ಪುಸ್ತಕವೋ ಸಿನಿಮಾವೋ ಹೇಳುವಾಗ ಅದು ಎಲ್ಲಿ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತೇವೆ. ಎಲ್ಲಿ ನಿಧಾನ, ಎಲ್ಲಿ ಕಷ್ಟ, ಎಲ್ಲಿ ಕೆಳಗಿಡಬೇಕು ಅನ್ನಿಸುತ್ತದೆ, ಅದನ್ನೂ ಹೇಳಿ. ಅದನ್ನು ಮುಚ್ಚಿಟ್ಟರೆ ಆ ಜಾಗಕ್ಕೆ ಬಂದಾಗ ಅವರು ಒಂಟಿಯಾಗುತ್ತಾರೆ. ನನಗೆ ಬುದ್ಧಿ ಸಾಲದು, ಇದು ನನ್ನಂಥವರಿಗಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟವರು ಮತ್ತೆ ಪುಸ್ತಕ ಕೇಳೋಕೆ ಬರೋದಿಲ್ಲ.

'ಘಟಶ್ರಾದ್ಧ'ದ ಮಾತು ಬಂತಲ್ಲ, ಮುಂಬೈಯವರಾಗಿ ನಾವು ತಿಳಿದಿರಬೇಕಾದ ಒಂದು ಸಂಗತಿ ಇದೆ. ಅನಂತಮೂರ್ತಿಯವರ ಕತೆ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಬಂದ ಗಿರೀಶ ಕಾಸರವಳ್ಳಿ ಅವರ ಮೊದಲ ಚಿತ್ರ, 1977ರಲ್ಲಿ ಸ್ವರ್ಣ ಕಮಲ. ಇದು ಎಲ್ಲರಿಗೂ ಗೊತ್ತು. ಹೊಸ ಹುಡುಗನನ್ನು ನಂಬಿ ದುಡ್ಡು ಹಾಕಿದ್ದು ಸದಾನಂದ ಸುವರ್ಣರು. ಮೂಲ್ಕಿಯವರು, ಮುಂಬೈಯಲ್ಲಿ ಕನ್ನಡ ನಾಟಕ ಕಟ್ಟಿ ಬೆಳೆಸಿದವರು. ದೂರದರ್ಶನದಲ್ಲಿ ಬರುತ್ತಿದ್ದ 'ಗುಡ್ಡದ ಭೂತ' ಧಾರಾವಾಹಿ ಮಾಡಿದ್ದೂ ಅವರೇ. ಆ "ದೆನ್ನಾನ ದೆನ್ನಾನ" ಹಾಡು ಇಲ್ಲಿ ಯಾರಿಗೆ ನೆನಪಿಲ್ಲ ಹೇಳಿ! 2024ರಲ್ಲಿ 'ಘಟಶ್ರಾದ್ಧ'ವನ್ನು ಹೊಸದಾಗಿ ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದೇ ವರ್ಷ ಸುವರ್ಣರು ತೀರಿಕೊಂಡರು. ಈಗ ಆ ಸಿನಿಮಾ ಯಾರಿಗೆ ಹೇಳಿದರೂ ನಾನು ಇದನ್ನೂ ಸೇರಿಸಿಯೇ ಹೇಳುತ್ತೇನೆ. ನಮ್ಮ ನಡುವೆ ಓಡಾಡುತ್ತಿದ್ದ ಒಬ್ಬರು ಇದನ್ನು ಆಗುಮಾಡಿದರು ಅಂತ ಗೊತ್ತಾದರೆ ಜನ ಬೇರೆ ಥರ ಕೂತು ನೋಡುತ್ತಾರೆ.

ಕಷ್ಟದ ಸಿನಿಮಾ ಜನಕ್ಕೆ ಹೇಳಬಾರದು, ಸುಮ್ನೆ ಹಗುರದ್ದು ಹೇಳಿ ಅಂತ ಕೆಲವರು ಅನ್ನುತ್ತಾರೆ. ನಾನು ಒಪ್ಪೋದಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡು ನೆನಪು ಮಾಡಿಕೊಳ್ಳಿ. ಅಲ್ಲಿ ನೀನಾಸಂನ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಚಿತ್ರಸಮಾಜ ಶುರು ಮಾಡಿದರು. ಅಡಿಕೆ ತೋಟದಲ್ಲಿ ಕೆಲಸ ಮಾಡುವವರು, ಹಳ್ಳಿಯ ಹೆಂಗಸರು ಕೂತು 'ಪಥೇರ್ ಪಾಂಚಾಲಿ' ನೋಡಿದರು. 'ಬೈಸಿಕಲ್ ಥೀವ್ಸ್' ನೋಡಿದರು, 'ರಾಶೋಮನ್' ನೋಡಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಮೇಷ್ಟ್ರು ಸತೀಶ್ ಬಹಾದುರ್ ಹೋಗಿ ಸಿನಿಮಾ ನೋಡುವುದು ಹೇಗೆ ಅಂತ ಮಾತಾಡುತ್ತಿದ್ದರು. ಫಿಲ್ಮ್ ಆರ್ಕೈವಿನ ಪಿ.ಕೆ. ನಾಯರ್ ರೀಲು ಕಳಿಸುತ್ತಿದ್ದರು. ಇಟಲಿಯ ಸೈಕಲ್ ಕಳವು ಮಲೆನಾಡಿನವರಿಗೆ ಅರ್ಥವಾಗಲಿಲ್ಲವೇ? ಆಯಿತು. ಸೈಕಲ್ ಹೋದರೆ ಸಂಪಾದನೆ ಹೋಯಿತು ಅನ್ನೋದು ಅವರಿಗೆ ತಿಳಿಯದ ಮಾತೇ? ಸುಬ್ಬಣ್ಣನವರು ರೀಲು ಹಚ್ಚಿ ಎದ್ದುಹೋಗಲಿಲ್ಲ. ಮುಂಚೆ ಕನ್ನಡದಲ್ಲಿ ಹೇಳಿದರು, ಜೊತೆಗೆ ಕೂತರು, ಆಮೇಲೆ ಮಾತಾಡಿದರು. ಸಿನಿಮಾ ಹೇಳುವುದು ಅಂದರೆ ನನಗೆ ಅದು. ಹೆಸರು ಹೇಳಿ ಕೈ ತೊಳೆದುಕೊಳ್ಳೋದಲ್ಲ.

ಈಗ ಪುಸ್ತಕಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಪಾಟು ಇರುವುದು ಪುಸ್ತಕದ್ದು.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. 1967ರದ್ದು. ದಪ್ಪ ಪುಸ್ತಕ. ಲೋಕಲ್‌ನಲ್ಲಿ ನಿಂತುಕೊಂಡು ಒಂದು ಕೈಯಲ್ಲಿ ಹಿಡಿಯೋಕೆ ಆಗೋದಿಲ್ಲ, ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಅಂಚಿನಲ್ಲಿ ಕೂತಂತೂ ಇಲ್ಲವೇ ಇಲ್ಲ. ಮನೆಯಲ್ಲಿ ಓದಬೇಕಾದ್ದು. ಶುರುವಿನಲ್ಲಿ ಹೆಸರುಗಳು ರಾಶಿ ಬೀಳುತ್ತವೆ. ಯಾರ ಮನೆಯವರು ಯಾರು, ಯಾರ ಆಳು ಯಾರು ಅಂತ ತಲೆ ಗಿರ್ರ್ ಅನ್ನುತ್ತದೆ. ಬಹಳ ಜನ ಅಲ್ಲೇ ಬಿಡುತ್ತಾರೆ. ನಾನು ಹೇಳೋದು ಇಷ್ಟೇ. ಒಂದು ಹಾಳೆಯಲ್ಲಿ ಮನೆಗಳ ಹೆಸರು ಬರೆದುಕೊಳ್ಳಿ, ಅದರ ಕೆಳಗೆ ಜನರ ಹೆಸರು. ಅದೂ ಬೇಡವಾದರೆ ನಾಯಿಗುತ್ತಿಯ ಹಿಂದೆ ನಡೆಯಿರಿ. ಅವನ ಜೊತೆ ಒಂದು ನಾಯಿ ಇದೆ, ಹೆಸರು ಹುಲಿಯ. ಹುಲಿಯನ ಬಗ್ಗೆ ಇನ್ನು ಒಂದು ಮಾತೂ ಹೇಳೋದಿಲ್ಲ. ಓದಿದವರು ಇಲ್ಲಿ ನಾಲ್ಕೈದು ಜನ ಇದ್ದೀರಿ, ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತಿದೆ. ನೀವೂ ಹೇಳಬೇಡಿ.

ರೈಲಿನಲ್ಲಿ ಓದೋಕೆ ಬೇಕು ಅಂದವರಿಗೆ ನಾನು ವಿವೇಕ ಶಾನಭಾಗರ 'ಘಾಚರ್ ಘೋಚರ್' ಕೊಡುತ್ತೇನೆ. ತೆಳ್ಳಗಿದೆ, ಒಂದು ವಾರದ ಓಡಾಟಕ್ಕೆ ಸರಿಹೋಗುತ್ತದೆ. ಅಥವಾ ತೇಜಸ್ವಿಯವರ 'ಕರ್ವಾಲೊ'. ಕನ್ನಡ ಓದಿ ಬಹಳ ವರ್ಷ ಆಯಿತು, ಅಕ್ಷರ ಮರೆತ ಹಾಗಿದೆ ಅನ್ನುವವರಿಗೆ 'ಕರ್ವಾಲೊ'ಗಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ. ಜೇನಿನಿಂದ ಶುರುವಾಗಿ ಹಾರುವ ಓತಿಯ ಹಿಂದೆ ಕಾಡಿಗೆ ಹೋಗುತ್ತದೆ. ಅದರಲ್ಲಿ ನಿಧಾನದ ಜಾಗವೇ ಇಲ್ಲ, ಆದ್ದರಿಂದ ಅದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ.

ಇನ್ನು 'ಶಿಕಾರಿ'. ಯಶವಂತ ಚಿತ್ತಾಲರದು, 1979. ನಾನು ಮುಂಬೈಗೆ ಬಂದ ವರ್ಷವೇ ಬಂದ ಪುಸ್ತಕ. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು. ಮುಂಬೈಯಲ್ಲಿ ಕೆಮಿಕಲ್ ಉದ್ಯಮದಲ್ಲಿ ಕೆಲಸ ಮಾಡಿದವರು. ಅವರ ನಾಗಪ್ಪನೂ ಅಂಥ ಕಂಪನಿಯಲ್ಲೇ ದೊಡ್ಡ ಹುದ್ದೆಯಲ್ಲಿದ್ದಾನೆ. ಒಂದು ದಿನ ಇದ್ದಕ್ಕಿದ್ದಂತೆ ಅವನನ್ನು ಕೆಲಸದಿಂದ ಅಮಾನತು ಮಾಡುತ್ತಾರೆ. ಯಾಕೆ, ಯಾರು ಮಾಡಿಸಿದರು, ಅವನಿಗೆ ಗೊತ್ತಿಲ್ಲ. ಆ ಹೆದರಿಕೆ, ಎಲ್ಲರ ಮೇಲೂ ಅನುಮಾನ, ಒಬ್ಬನೇ ಕೂತು ಅದನ್ನೇ ಮತ್ತೆ ಮತ್ತೆ ತಿರುವಿ ಹಾಕುವುದು. ಮುಂಬೈಯನ್ನು ಅಷ್ಟು ಹತ್ತಿರದಿಂದ ಕನ್ನಡದಲ್ಲಿ ತೋರಿಸಿದ ಕಾದಂಬರಿ ನಾನು ಬೇರೆ ಓದಿಲ್ಲ.

ತೊಂಬತ್ತರ ದಶಕದಲ್ಲಿ ನನ್ನ ಒಬ್ಬ ಗೆಳೆಯನನ್ನು ಅವನ ಕಂಪನಿಯವರು ಅಮಾನತು ಮಾಡಿದರು. ಲೆಕ್ಕದಲ್ಲಿ ಏನೋ ತಪ್ಪು, ಇವನ ಸಹಿ ಇತ್ತು. ಇವನದ್ದಲ್ಲ ಅಂತ ಆಮೇಲೆ ಗೊತ್ತಾಯಿತು, ಆದರೆ ಆ ಎಂಟು ತಿಂಗಳು ಅವನು ಮನೆಯಲ್ಲಿದ್ದ. ನಾನು ಹೋಗಿ 'ಶಿಕಾರಿ' ಕೊಟ್ಟೆ. "ಓದು, ಇದು ನಿನ್ನದೇ ಕತೆ" ಅಂದೆ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟೆ. ನನಗೊಬ್ಬನಿಗೇ ಹೀಗಾಗಿದ್ದಲ್ಲ ಅಂತ ಅವನಿಗೆ ಧೈರ್ಯ ಬರುತ್ತದೆ ಅಂದುಕೊಂಡಿದ್ದೆ.

ಮೂರನೇ ದಿನ ಅವನ ಹೆಂಡತಿ ಪುಸ್ತಕ ತಂದು ಬಾಗಿಲಲ್ಲೇ ಕೊಟ್ಟರು. ಒಳಗೆ ಬನ್ನಿ ಅಂದರೂ ಬರಲಿಲ್ಲ. "ಅಣ್ಣ, ಇದು ಬೇಡ. ಎರಡು ರಾತ್ರಿಯಿಂದ ಮಲಗಿಲ್ಲ ಅವರು. ಲೈಟ್ ಹಾಕಿಕೊಂಡು ಕೂತಿರ್ತಾರೆ" ಅಂದರು. ಅವರ ದನಿಯಲ್ಲಿ ಕೋಪ ಇರಲಿಲ್ಲ. ಅದಕ್ಕೇ ನನಗೆ ಜಾಸ್ತಿ ನೋವಾಯಿತು. ಪುಸ್ತಕ ಒಳ್ಳೆಯದು, ಗೆಳೆಯನೂ ಒಳ್ಳೆಯವನು, ಕೊಟ್ಟ ಹೊತ್ತು ಮಾತ್ರ ಕೆಟ್ಟದ್ದು. ಬಲ್ಬು ಇದೆಯಾ ಅಂತ ಕೇಳಿದ್ದ ಮಾಸ್ಟ್ರ ಶಿಷ್ಯ ನಾನು. ಅವನಿಗೆ ನಿದ್ದೆ ಬರುತ್ತಿದೆಯಾ ಅಂತ ಒಂದು ಮಾತು ಕೇಳಿರಲಿಲ್ಲ.

ಅದರ ಮಾರನೇ ವಾರ ನಾನು ಅವನ ಮನೆಗೆ ಬರಿಗೈಯಲ್ಲಿ ಹೋದೆ. ಕೇರಂ ಆಡಿದೆವು. ಆರು ತಿಂಗಳು ಹಾಗೇ ಹೋಗಿ ಬಂದೆ. ಯಾವ ಪುಸ್ತಕದ ಸುದ್ದಿಯೂ ಎತ್ತಲಿಲ್ಲ. ಎಷ್ಟೋ ಸಲ ಏನೂ ಹೇಳದೆ ಇರುವುದೇ ಸರಿ ಅಂತ ಅವತ್ತಿನಿಂದ ಗೊತ್ತಾಯಿತು.

ಮಕ್ಕಳ ವಿಷಯ ನೀವು ಖಂಡಿತ ಕೇಳುತ್ತೀರಿ. ನಮ್ಮ ಮನೆಯಲ್ಲೂ ಅದೇ. ಮಗನಿಗೆ ಕನ್ನಡ ಮಾತಾಡೋಕೆ ಬರುತ್ತದೆ, ಓದೋಕೆ ಬರೋದಿಲ್ಲ. ಸೊಸೆ ಮರಾಠಿಯವಳು. ಮೊಮ್ಮಗನಿಗೆ ಎಲ್ಲವೂ ಅಷ್ಟಷ್ಟು. ಅವನಿಗೆ ನಾನು 'ಮಾಲ್ಗುಡಿ ಡೇಸ್' ಹಾಕಿ ತೋರಿಸಿದೆ. ಆರ್.ಕೆ. ನಾರಾಯಣರ ಕತೆ, ಶಂಕರ್ ನಾಗ್ ನಿರ್ದೇಶನ, ಆಗುಂಬೆಯಲ್ಲಿ ತೆಗೆದದ್ದು. ಭಾಷೆ ಹಿಂದಿ, ಹಾಗಾಗಿ ಮುಂಬೈ ಹುಡುಗನಿಗೆ ತೊಡಕಿಲ್ಲ. ಒಂದು ಕಂತು ಅರ್ಧ ಗಂಟೆಯೂ ಇಲ್ಲ. ಈಗಿನ ಸೀರೀಸ್ ಎಂಟು ಕಂತು, ಒಂದೊಂದು ಐವತ್ತು ನಿಮಿಷ ಅಂದರೆ ಏಳು ಗಂಟೆ ಹತ್ತಿರ ಆಯಿತು. ದೊಡ್ಡವರಿಗೆ ಹೇಳುವಾಗಲೂ ನಾನು ಮೊದಲು ಈ ಲೆಕ್ಕ ಹೇಳಿಬಿಡುತ್ತೇನೆ. ಮೊಮ್ಮಗನಿಗೆ ಅದರಲ್ಲಿ ಬರುವ ಹುಡುಗ ಸ್ವಾಮಿ ಇಷ್ಟವಾದ. ಆ ತಂಬೂರಿಯ ಹಾಗೆ ಗುನುಗುವ ರಾಗ ಈಗ ಬಚ್ಚಲು ಮನೆಯಿಂದ ಕೇಳಿಸುತ್ತದೆ. ಅದರಲ್ಲಿ ಕಾಣುವ ಆ ಹಳೆ ಮನೆ ಎಲ್ಲಿದೆ, ಹೋಗೋಣ್ವಾ ಅಂತ ಕೇಳುತ್ತಿದ್ದಾನೆ. ಈ ದೀಪಾವಳಿಗೆ ಆಗುಂಬೆಗೆ ಹೋಗುತ್ತಿದ್ದೇವೆ.

ಸೊಸೆಗೆ ಜಯಂತ ಕಾಯ್ಕಿಣಿಯವರ ಮುಂಬೈ ಕತೆಗಳ ಇಂಗ್ಲಿಷ್ ಪುಸ್ತಕ ಕೊಟ್ಟೆ. ತೇಜಸ್ವಿನಿ ನಿರಂಜನ ಅನುವಾದ ಮಾಡಿದ್ದು, ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಪ್ರಶಸ್ತಿ 2018ರಲ್ಲಿ ಬಂದದ್ದು. ಇಡೀ ಪುಸ್ತಕ ಓದು ಅನ್ನಲಿಲ್ಲ. ದಗಡೂ ಪರಬನ ಕತೆ ಒಂದು ಓದು ಅಂದೆ. ಮದುವೆ ಮೆರವಣಿಗೆಯ ಕುದುರೆ ಮದುಮಗನನ್ನು ಹೊತ್ತುಕೊಂಡೇ ಓಡಿಹೋಗುವ ಕತೆ. ಅವಳು ಒಂದೇ ರಾತ್ರಿ ನಾಲ್ಕು ಕತೆ ಓದಿ ಬೆಳಿಗ್ಗೆ ಚಹಾ ಕೊಡುವಾಗ, "ಬಾಬಾ, ಇವರು ಕನ್ನಡದವರಾ? ನಮ್ಮ ಗಲ್ಲಿಯವರ ಹಾಗೆ ಬರೆದಿದ್ದಾರೆ" ಅಂದಳು. ಅವತ್ತು ಸಂಜೆಯೇ ಅವಳು ತನ್ನ ತವರಿನಿಂದ ಪು.ಲ. ದೇಶಪಾಂಡೆಯವರ 'ಬಟಾಟ್ಯಾಚೀ ಚಾಳ್' ತರಿಸಿದಳು. ದಿನಾ ರಾತ್ರಿ ಎರಡೆರಡು ಪುಟ ನನಗೆ ಓದಿ ಹೇಳಿದಳು. ನನ್ನ ಮರಾಠಿ ಬಜಾರಿನ ಮರಾಠಿ. ಕಷ್ಟದ ಮಾತು ಬರುವ ಮೊದಲೇ ನಿಲ್ಲಿಸಿ, "ಬಾಬಾ, ಇಲ್ಲಿ ಸ್ವಲ್ಪ ತಡೀರಿ, ಇದು ಹೀಗೆ" ಅಂತ ಬಿಡಿಸಿ ಹೇಳುತ್ತಿದ್ದಳು. ನಲವತ್ತು ವರ್ಷ ಈ ಊರಿನಲ್ಲಿದ್ದು ನಾನು ಆ ಪುಸ್ತಕ ಓದಿರಲಿಲ್ಲ. ನಾವು ಹೇಳುವುದು ಎಷ್ಟು ಮುಖ್ಯವೋ, ಅವರು ಹೇಳಿದ್ದನ್ನು ಓದುವುದೂ ಅಷ್ಟೇ ಮುಖ್ಯ. ಬರೀ ಕೊಡುವವನಾಗಿ ಉಳಿದರೆ ಮನೆಯವರೇ ನಮ್ಮನ್ನು ಕಂಡರೆ ದೂರ ಹೋಗುತ್ತಾರೆ.

ಕೊನೆಗೆ ಆ ಗೆಳೆಯನ ವಿಷಯ. ಅವನಿಗೆ ಕೆಲಸ ವಾಪಸ್ ಸಿಕ್ಕಿತು. ಅದಾಗಿ ಎಷ್ಟೋ ತಿಂಗಳ ಮೇಲೆ, ಠಾಣೆ ಸ್ಟೇಷನ್ನಿನಲ್ಲಿ ಗಾಡಿ ನಿಂತಿದ್ದಾಗ, ಅವನೇ ಕೇಳಿದ. "ಆ ಪುಸ್ತಕ ಇನ್ನೂ ಇದೆಯಾ?" ಕೊಟ್ಟೆ. ಈ ಸಲ ತಿಂಗಳು ಇಟ್ಟುಕೊಂಡು ನಿಧಾನವಾಗಿ ಓದಿದ. ವಾಪಸ್ ಕೊಡುವಾಗ ಒಳಗೆ ಒಂದು ಚೀಟಿ ಇತ್ತು. ರೈಲ್ವೆ ಪಾಸಿನ ಹಳೆ ಕವರಿನ ಹಿಂದೆ ಬರೆದದ್ದು. "ಕೆಲಸ ಹೋದವರು ಓದಬೇಡಿ. ಕೆಲಸ ಸಿಕ್ಕಿ ಎರಡು ಸಂಬಳ ಬಂದ ಮೇಲೆ ಓದಿ. ಮೊದಲರ್ಧ ಉಸಿರು ಕಟ್ಟುತ್ತದೆ, ಬಿಡಬೇಡಿ. ರಾತ್ರಿ ಓದಬೇಡಿ, ಬೆಳಗಿನ ಗಾಡಿಯಲ್ಲಿ ಓದಿ."

ನಮ್ಮ ಕಪಾಟಿನ ಪ್ರತಿ ಪುಸ್ತಕದಲ್ಲಿ ಈಗ ಒಂದು ಚೀಟಿ ಇರುವುದು ಅಲ್ಲಿಂದ. ಓದಿದವರು ಎರಡು ಸಾಲು ಬರೆಯಬೇಕು. ಯಾರಿಗೆ ಸರಿ, ಯಾವಾಗ ಸರಿ, ಎಲ್ಲಿ ಕಷ್ಟ. ಕತೆ ಬರೆಯಬಾರದು. ಒಂದು ದಪ್ಪ ಕಾದಂಬರಿಯಲ್ಲಿ ಒಬ್ಬ ಅಮ್ಮ ಬರೆದಿದ್ದಾರೆ, "ಮಗಳ ಮದುವೆಯ ಗಡಿಬಿಡಿಯಲ್ಲಿ ಓದಿದೆ, ಏನೂ ತಲೆಗೆ ಹೋಗಲಿಲ್ಲ. ಮದುವೆಯಾಗಿ ಅವಳು ಹೋದ ಮೇಲೆ ಮತ್ತೆ ಓದಿದೆ. ಆಗ ಓದಿ." ಇಂಥ ಚೀಟಿ ಓದೋಕೇ ಕೆಲವರು ಕಪಾಟಿನ ಹತ್ತಿರ ಬರುತ್ತಾರೆ.

'ಶಿಕಾರಿ'ಯ ಆ ಪ್ರತಿ ಈಗ ಕಪಾಟಿನಲ್ಲಿ ಇಲ್ಲ. ಮಾರ್ಚ್ ತಿಂಗಳಲ್ಲಿ ಒಬ್ಬರು ತೆಗೆದುಕೊಂಡು ಹೋಗಿದ್ದಾರೆ, ಅವರು ಇವತ್ತು ಬಂದಿದ್ದಾರೆ ಅಂತ ನನ್ನ ನಂಬಿಕೆ. ಅವಸರ ಏನಿಲ್ಲ, ನಿಧಾನಕ್ಕೆ ಮುಗಿಸಿ. ಆ ಚೀಟಿ ಮಾತ್ರ ಜೋಪಾನ.